ಏನೂ ಕೇಳದ ಬೀಗರು

ನಾನು ಪರಕಾರ ಪೋಲಕ ತೊಟ್ಟು ಓಣಿಯಲ್ಲಿ ಹರಳಾಡುತ್ತಿದ್ದ ಆ ಐವತ್ತರ ದಶಕದಲ್ಲಿ, ನಮ್ಮ ನರಗುಂದದ ಕಡೆ ಹೆಣ್ಣು ನೋಡಲು ಬಂದವರು ಮೊದಲು ಬೇಡಿಕೆ ಇಟ್ಟು ಆಮೇಲೆ ಅವಲಕ್ಕಿಗೆ ಕೈ ಹಾಕುತ್ತಿದ್ದರು. ನಮ್ಮ ನೀಲಕ್ಕನನ್ನು ನೋಡಲು ಕೊಣ್ಣೂರಿನಿಂದ ಬಂದ ಜನ ಮಾತ್ರ ಅವಲಕ್ಕಿ ತಿಂದರು, ಚಹಾ ಕುಡಿದರು, ಹುಡುಗಿ ಒಪ್ಪಿಗೆ ಎಂದರು, ಏನೂ ಕೇಳದೆ ಚಕ್ಕಡಿ ಹತ್ತಿದರು. ಹುಡುಗನ ತಾಯಿ ಹೋಗುವಾಗ ಆಡಿದ್ದು ಒಂದೇ ಮಾತು.

"ಅಂಗಳದಾಗ ಹಂದರ ಹಾಕ್ರಿ, ಮನಿ ಮಂದಿಗೆ ಗೋದಿ ಹುಗ್ಗಿ ಮಾಡ್ರಿ, ಸಾಕು. ಮೆರವಣಿಗಿ ಗಿರವಣಿಗಿ ಏನೂ ಬ್ಯಾಡ."

ಅಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಪ್ಪನ ತಾಯಿ, ನಮ್ಮ ಆಯಿ, ಮೂಗು ಮುರಿದಳು.

"ಹುಡುಗಗ ಏನೋ ಐಬ ಐತಿ. ಇಲ್ಲಂದ್ರ ಪುಕಟ ಯಾರು ಸೊಸಿ ಮಾಡ್ಕೋತಾರ? ಬಾಯಿ ಬಿಡಲಿಲ್ಲ ನೋಡು, ಮೂಕ ಇರಬೇಕು. ರುಮಾಲ ತಗೀಲಿಲ್ಲ, ತಲಿ ಬೋಳ ಇರಬೇಕು. ಹೊಳಿ ದಂಡಿ ಮಂದಿ, ಏನ ಮುಚ್ಚಿಟ್ರೂ ಗೊತ್ತಾಗಂಗಿಲ್ಲ."

ಊರೂರು ತಿರುಗುತ್ತಿದ್ದ ಬಳೆಗಾರ ಮೌಲಾಸಾಬನಿಗೆ ವಿಚಾರಿಸಿಕೊಂಡು ಬಾ ಎಂದಳು. ಮುಂದಿನ ವಾರ ಅವನು ಕಟ್ಟೆಯ ಮೇಲೆ ಬಳೆಯ ಮಲಾರ ಇಳಿಸಿ, "ಎಲ್ಲಾ ಚಲೋ ಐತ್ರಿ ಅವ್ವಾರ. ಹುಡುಗಂದು ಮಾತ ಕಮ್ಮಿ, ಕೆಲಸ ಭಾಳ" ಎಂದ.

"ನಿನಗ ಅಲ್ಲಿ ಚಾ ಕೊಟ್ರೇನು?"

"ಕೊಟ್ರಿ."

ಅವನು ಓಣಿ ದಾಟುವುದಕ್ಕೂ ಪುರಸತ್ತಿಲ್ಲ, "ಬಳಿಗಾರಗ ಯಾರ ಚಾ ಕೊಡ್ತಾರ? ಅವನ ಬಾಯಿ ಕಟ್ಟಿ ಕಳಿಸ್ಯಾರ" ಎಂದಳು ಆಯಿ. ನನಗೂ ಅದು ಖರೇ ಎನ್ನಿಸಿತು.

ನೀಲಕ್ಕನ ಚಿಂತೆಯೇ ಬೇರೆ. ಇವರಿಗಿಂತ ಮೊದಲು ಬಂದವರೆಲ್ಲ ಅವಳನ್ನು ನಡೆಸಿ, ಓದಿಸಿ, ಹೆರಳು ಬಿಚ್ಚಿಸಿ ನೋಡಿ, ಬಣ್ಣ ಕಪ್ಪು ಎಂದು ಎದ್ದು ಹೋಗಿದ್ದರು. ಶ್ಯಾವಿಗೆ ಹೊಸೆಯುತ್ತಾ ನನ್ನ ಕಿವಿಯಲ್ಲಿ ಹೇಳಿದಳು: "ಆಯಿ ಅನುಮಾನದಾಗ ಈ ಸಂಬಂಧ ಮುರೀತಂದ್ರ, ನಾ ಮತ್ತ ಯಾರ ಮುಂದೂ ನಡದು ತೋರಸಾಂಗಿಲ್ಲ. ಹಿಂಗ ಇದ್ದಬಿಡ್ತೀನಿ." ಅವಳ ಕಣ್ಣಲ್ಲಿ ನೀರಿತ್ತು, ನನಗೆ ಹೆದರಿಕೆಯಾಯಿತು.

ವೀಳ್ಯೆ ಹಿಡಿದು ಲಗ್ನ ಗಟ್ಟಿ ಮಾಡಲು ಬೀಗರು ಮತ್ತೆ ಬಂದರು. ನಾನು ಎಷ್ಟೆಂದರೂ ಆಯಿಯ ಮೊಮ್ಮಗಳು. ಹೊರಗೆ ಬಿಟ್ಟಿದ್ದ ಹುಡುಗನ ಚಪ್ಪಲಿ ತಿರುವಿ ನೋಡಿದೆ, ಕುಂಟನಾದರೆ ಒಂದು ಹೆಚ್ಚು ಸವೆದಿರಬೇಕಲ್ಲ ಎಂದು. ಎರಡೂ ಒಂದೇ ಸಮ ಸವೆದಿದ್ದವು. ಒಳಗೆ ಬರುವಷ್ಟರಲ್ಲಿ ಆಯಿ ಶುರು ಮಾಡಿಬಿಟ್ಟಿದ್ದಳು.

"ತಮ್ಮಾ, ಒಂದೀಟು ಎದ್ದು ನಡದು ತೋರಸು."

ಅಪ್ಪನ ಮುಖ ಇಷ್ಟಾಯಿತು. ಗಂಡಿಗೆ ಯಾರಾದರೂ ಹೀಗೆ ಹೇಳಿದ್ದುಂಟೇ? ಹುಡುಗ ತಾಯಿಯ ಮುಖ ನೋಡಿದ, ಎದ್ದ, ಬಾಗಿಲ ತನಕ ನಡೆದು ಬಂದ. ರುಮಾಲು ತೆಗೆಸಿದಳು, ದಟ್ಟ ಕೂದಲಿತ್ತು. ಹೆಸರು ಕೇಳಿದಳು, ಹೇಳಿದ. ಬಾಗಿಲ ಹಿಂದಿದ್ದ ನೀಲಕ್ಕ ನನ್ನ ಕೈಯನ್ನು ಬಳೆ ಒಡೆಯುವ ಹಾಗೆ ಹಿಡಿದಿದ್ದಳು.

"ಎಲ್ಲಾ ನೆಟ್ಟಗೈತಿ. ಮತ್ಯಾಕ ಏನೂ ಕೇಳಲಿಲ್ಲವಾ ನೀ?" ಎಂದು ಆಯಿ ತಾಯಿಯ ಕಡೆ ತಿರುಗಿದಳು.

ಆ ಹೆಂಗಸು ಸಿಟ್ಟಾಗಲಿಲ್ಲ. "ನನ್ನ ಲಗ್ನಕ್ಕ ನಮ್ಮಪ್ಪ ಹೊಲಾ ಮಾರಿ ಊರಿಗೆಲ್ಲಾ ಉಣಿಸಿದ್ರಿ. ಆಮ್ಯಾಲ ನಾ ಪಂಚಮಿಗೆ ಹೋದಾಗೊಮ್ಮಿ ನಮ್ಮಣ್ಣನ ಹೇಣ್ತಿ ನನ್ನ ಗಂಗಾಳದಾಗಿನ ರೊಟ್ಟಿ ಎಣಸಾಕಿ. ಹೋಗೋದ ಬಿಟ್ಟಬಿಟ್ಟೆ. ನನ್ನ ಸೊಸಿಗೆ ತವರಮನಿ ಉಳೀಲಿ ಅಂತ ಕೇಳಲಿಲ್ರಿ ಆಯಿ."

ಆಯಿ ಎದ್ದು ಒಳಗೆ ಬಂದು ಅಪ್ಪನನ್ನು ಕರೆದಳು. "ವೀಳ್ಯೆ ಹಿಡಿ. ಆದ್ರ ಮಾತು ಭಾಳ ಚಲೋ ಆಡ್ತಾಳ. ಅದಕ್ಕ ಅಂಜಿಕಿ."

ಮದುವೆ ನಮ್ಮ ಅಂಗಳದಲ್ಲೇ ಆಯಿತು. ಜೋಳದ ಕಣಕಿಯ ಹಂದರಕ್ಕೆ ಬೇವಿನ ಸೊಪ್ಪು, ಗಜೇಂದ್ರಗಡದ ನೇಕಾರರ ಮನೆಯಿಂದಲೇ ತಂದ ಕೆಂಪು ಸೀರೆ, ಒಬ್ಬನೇ ಸನಾದಿಯವನು. ಬೆಲ್ಲ ಬಿದ್ದ ಹುಗ್ಗಿ ಕುದಿಯುವ ವಾಸನೆಗೆ ಓಣಿಯ ಹುಡುಗರೆಲ್ಲ ಒಲೆಯ ಸುತ್ತಲೇ ಇದ್ದೆವು. ಅಷ್ಟು ಚೆಂದದ ಮದುವೆ ನಾನು ಆಮೇಲೆ ನೋಡಿಲ್ಲ. ಸುರಗಿ ನೀರು ಹಾಕಿ ಮೀಯಿಸುವಾಗ ಮದುಮಗನ ಬೆನ್ನಿಗೆ ಆಯಿ ತಾನೇ ಅರಿಶಿಣ ತಿಕ್ಕಿದಳು. ಏನು ಅಕ್ಕರೆ ಎಂದು ಮಂದಿ ಅಂದರು. ತೊನ್ನಿನ ಬಿಳಿ ಮಚ್ಚೆ ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು.

ನೀಲಕ್ಕ ಸುಖವಾಗಿ ಬಾಳಿದಳು. ಆದರೂ ಅವಳು ತವರಿಗೆ ಬಂದಾಗಲೆಲ್ಲ ಆಯಿ ಅಡುಗೆಮನೆಗೆ ಕರೆದೊಯ್ದು, "ಖರೇ ಹೇಳು, ಏನೈತಿ ಅಲ್ಲಿ?" ಎಂದು ಕೇಳುವುದನ್ನು ಸಾಯುವ ತನಕ ಬಿಡಲಿಲ್ಲ. ನಾವು ನಗುತ್ತಿದ್ದೆವು.

ಈಚೆಗೆ ನನ್ನ ಮೊಮ್ಮಗಳ ಮದುವೆಯಾಯಿತು. ಆ ಗಂಡಿನವರೂ ಏನೂ ಬೇಡ ಎಂದರು. ಹುಡುಗನನ್ನು ನಾಲ್ಕು ಮಾತು ಕೇಳೋಣವೆಂದು ನಾನು ಬಾಯಿ ತೆರೆದರೆ, "ಯವ್ವಾ, ಈಗ ಹಂಗೆಲ್ಲಾ ಕೇಳಬಾರದು, ಮಂದಿ ಏನಂತಾರ" ಎಂದು ಮಗ ತಡೆದ. ಸುಮ್ಮನಾದೆ. ಹುಡುಗನಿಗೆ ಆಗಲೇ ಬೇರೊಂದು ಊರಿನಲ್ಲಿ ಹೆಂಡತಿ ಇದ್ದಳು. ವರ್ಷ ತುಂಬುವ ಮೊದಲೇ ಮೊಮ್ಮಗಳು ಪೆಟ್ಟಿಗೆ ಹಿಡಿದು ತಿರುಗಿ ಬಂದಳು. ನನ್ನ ಪಕ್ಕ ಕುಳಿತು, "ಅಜ್ಜಿ, ನಿನಗಾದ್ರೂ ಅನುಮಾನ ಬರಲಿಲ್ಲೇನು?" ಎಂದು ಕೇಳಿದಳು.

ಬಂದಿತ್ತು. ಅದನ್ನು ನಾಲ್ಕು ಮಂದಿಯ ಮುಂದೆ ಬಾಯಿಬಿಟ್ಟು ಆಡುವ ಅಧಿಕಾರ ಮಾತ್ರ ಆಯಿಯ ಸಂಗಡವೇ ನಮ್ಮ ಮನೆಯಿಂದ ಹೋಗಿಬಿಟ್ಟಿತ್ತು.