ಗುತ್ತೆವ್ವನ ಕಿವಿ ಸುಮ್ಮನಾದ ಗಳಿಗೆ

ಹಿರೇಕೆರೂರಿನ ಹತ್ತಿ ಗಿರಣಿಯಲ್ಲಿ ದುಡಿದವರ ಕಿವಿಯ ಪಾಡು ಯಾವ ಶತ್ರುವಿಗೂ ಬೇಡ! ಮಷೀನು ನಿಂತರೂ ಒಳಗಿನ ಗುಂಯ್ ಸದ್ದು ನಿಲ್ಲದು. ಗುತ್ತೆವ್ವನಿಗೆ ಅದು ವರ್ಷಗಟ್ಟಲೆಯ ಕಾಟ. ಕಟ್ಟದ ಹರಕೆಯಿಲ್ಲ, ಬಿಡದ ಎಣ್ಣೆಯಿಲ್ಲ. ತಲೆ ಕೆಟ್ಟೀತೆಂಬ ದಿಗಿಲು ಬೇರೆ.

ಎಂಬತ್ತೊಂದನೇ ಇಸವಿಯಲ್ಲಿ ಸವಣೂರಿನ ಕಿವಿ ಡಾಕ್ಟರು ವಾದಿರಾಜರು, "ಇದಕ್ಕ ಔಷಧ ಇನ್ನೂ ಹುಡುಕಬೇಕಾಗೇದ. ಅದಕ್ಕ ಬೇಕಾದ ಯಂತ್ರಕ್ಕ ಯಾರೂ ರೊಕ್ಕ ಕೊಡವಲ್ರು" ಅಂದರು. ಗುತ್ತೆವ್ವ ಸೆರಗು ಬಿಗಿದಳು. ಕಿವಿ ಗುಂಯ್‌ಗುಡುವವರ ಮನೆಮನೆಗೆ ಹೋಗಿ ಹಿಡಿ ಹಿಡಿ ಜೋಳ ಬೇಡಿದಳು, ಸಂತೆಯಲ್ಲಿ ಮಾರಿದಳು, ಡಾಕ್ಟರಿಗೆ ಮುಟ್ಟಿಸಿದಳು. ಸುಗ್ಗಿಯ ಮೇಲೆ ಸುಗ್ಗಿ ಕಳೆದು, ಹನಿಗೂಡಿ ಹಳ್ಳವಾಗಿ, ಯಂತ್ರ ಬಂತು, ಔಷಧದ ಹುಡುಕಾಟ ಶುರುವಾಯಿತು.

"ಒಂದು ಇಂಜೆಕ್ಷನ್ ಅದ. ಸ್ವಲ್ಪ ಹೊತ್ತು ಸದ್ದು ನಿಲ್ಲಬಹುದು. ಮೊದಲು ಯಾರು ಕೂಡ್ತೀರಿ?" ಎಂದು ಜೋಳ ಕೊಟ್ಟವರನ್ನು ಕೂಡಿಸಿ ಡಾಕ್ಟರು ಕೇಳಿದಾಗ ಎಲ್ಲರ ಕಣ್ಣೂ ಗುತ್ತೆವ್ವನ ಮೇಲೆ. ಬೇಡಿದವಳೇ ಹಿಂದೆ ಸರಿದರೆ ಇನ್ನು ಹಿಡಿ ಹಾಕುವವರು ಯಾರು? ಹೂಂ ಅಂದಳು.

ಇಂಜೆಕ್ಷನ್ನಿನ ದಿನ ಸವಣೂರಿನ ಬಸ್ಸಿನಲ್ಲಿ ಜೊತೆಗಾತಿ ಶೇಖವ್ವ ಅಪಶಕುನ ನುಡಿದಳು. "ಕಿವಿ ಮುಚ್ಚಿಕೊಂಡಾಗ ಒಳಗ ಸದ್ದು ಕೇಳಲಿಲ್ಲಂದ್ರ ಸಾವು ಬಂತಂತ ಹಿರ್ಯಾರು ಅಂತಾರ. ಅದನ್ನ ನಿಲ್ಲಿಸಿಕೊಳ್ಳಾಕ ಹೊಂಟೀಯಲ್ಲ, ನಿನಗ ಬುದ್ಧಿ ಐತೇನ?"

ಗುತ್ತೆವ್ವನಿಗೆ ತನ್ನ ಅವ್ವ ನೆನಪಾದಳು. ಸಾಯುವ ಮುಂಚೆ ಅವಳು ಕಿವಿ ಮುಚ್ಚಿಕೊಂಡು, "ಏನೂ ಕೇಳವಲ್ದು" ಅಂದಿದ್ದಳು.

ಸೂಜಿ ಚುಚ್ಚಿದರು. ನಾಲಿಗೆ ಜೋಮು ಹಿಡಿಯಿತು. ಆಮೇಲೆ ಗುಂಯ್ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತೇಹೋಯಿತು. ಅವಳು ಎರಡೂ ಕಿವಿಗೆ ಬೆರಳು ತುರುಕಿದಳು. ಏನೂ ಇಲ್ಲ! ಅಯ್ಯೋ ಶಿವನೇ!

"ಡಾಕ್ಟರ್ರ, ನಾ ಸತ್ತೇನೇನ್ರಿ?"

"ನಿಮ್ಮ ನಾಡಿ ನನ್ನ ಕೈಯಾಗೇ ಅದ. ಹೆದರಬ್ಯಾಡ್ರಿ, ಬೆರಳು ತೆಗೀರಿ."

ತೆಗೆದಳು. ಬಾಗಿಲಾಚೆ ಶೇಖವ್ವ ಆಗಲೇ ಸತ್ತವರಿಗೆ ಅಳುವ ಹಾಗೆ ಅಳುತ್ತಿದ್ದಳು. ಆ ಅಳುವಿನ ಒಂದೊಂದು ಬಿಕ್ಕೂ ಸ್ವಚ್ಛವಾಗಿ ಕೇಳಿಸಿತು. ಗುತ್ತೆವ್ವನಿಗೆ ನಗು ಬಂತು. ಎಷ್ಟು ವರ್ಷವಾಗಿತ್ತು ಹೀಗೆ ಕೇಳಿ!

ನಗು ಮುಗಿಯುವುದರೊಳಗೆ ಗುಂಯ್ ಮರಳಿತು. ಡಾಕ್ಟರು ತಲೆ ತಗ್ಗಿಸಿ, "ಇನ್ನೂ ಭಾಳ ಕೆಲಸ ಅದ" ಅಂದರು.

ಮುಂದಿನ ವಾರ ಅವಳು ಮತ್ತೆ ಜೋಳದ ಚೀಲ ಹಿಡಿದು, ತನ್ನಂತೆಯೇ ಕಿವಿಯ ಕಾಟವಿದ್ದ ಹಾಲವ್ವನ ಬಾಗಿಲಲ್ಲಿ ನಿಂತಳು.

"ಖರೇನ ನಿಂತಿತ್ತೇನ? ಅಂಜಿಕಿ ಬರಲಿಲ್ಲ?" ಹಾಲವ್ವ ಕೇಳಿದಳು.

"ನಿಂತಾಗ ಬಂತವಾ. ತಿರುಗಿ ಶುರುವಾತು ನೋಡು, ಆಗ ಅದಕ್ಕಿಂತ ಹೆಚ್ಚು ಬಂತು," ಎಂದಳು ಗುತ್ತೆವ್ವ. "ನಾ ಸಾಯೂದ್ರಾಗ ಇನ್ನೊಮ್ಮೆ ನಿಲ್ಲಬೇಕು. ಹಾಕು, ಹಿಡಿ ತುಂಬಿ ಹಾಕು."