ಏಳನೇ ಭರಣಿಯ ನೀರು

ಬೆಳಗಿನ ಐದು ಗಂಟೆ. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ಭರಣಿಗಳು ಸಾಲಾಗಿ ನಿಂತಿವೆ. ಎಲೆಕೋಸಿಗೆ ಉಪ್ಪುನೀರಲ್ಲಿ ಹುಳಿ ಬರಿಸಿ ಮಾರುವ, ಬೀದಿಯವರೆಲ್ಲ ಹುಳಿ ಚಿಕ್ಕಮ್ಮ ಎಂದು ಕರೆಯುವ ಐವತ್ತೆಂಟರ ಹೆಂಗಸು ಕೈ ತೊಳೆದು ಬಂದು, ಒಂದೊಂದರ ಮುಚ್ಚಳ ತೆಗೆದು ಉಪ್ಪುನೀರಿಗೆ ಬೆರಳು ಇಳಿಸುತ್ತಾರೆ. ಹೆಚ್ಚಿದ ಎಲೆಕೋಸಿನ ಮೇಲೆ ಎರಡು ಬೆರಳು ನೀರು ನಿಂತಿರಬೇಕು; ಕೋಸು ತಲೆಯೆತ್ತಿದರೆ ಬೂಷ್ಟು ಖಾತ್ರಿ. ಆರು ಭರಣಿ ಸರಿಯಿವೆ. ಏಳನೆಯದರ ಮುಂದೆ ಅವರು ನಿಂತುಬಿಡುತ್ತಾರೆ. "ನೋಡಿ, ಇವತ್ತೂ ಇಳಿದಿದೆ," ಎಂದು ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೆ ತೋರಿಸುತ್ತಾರೆ.

ಒಂಬತ್ತು ದಿನದಿಂದ ಇದೇ ಗೋಳು. ಭರಣಿ ಬಿರುಕು ಬಿಟ್ಟಿರಬಹುದೆಂದು ಕೆಳಗೆ ಬಟ್ಟೆ ಹಾಸಿದ್ದಾರೆ. ಅದು ಒಣಗಿಯೇ ಇದೆ. ಬೆಕ್ಕಿನ ಮೇಲೆ ಅನುಮಾನಪಟ್ಟು ಮುಚ್ಚಳದ ಮೇಲೆ ಕಲ್ಲು ಹೇರಿದ್ದಾರೆ. ಹುಳಿನೀರು ಕುಡಿಯುವ ಬೆಕ್ಕು ಎಲ್ಲಿದೆ ಎಂದು ಕೇಳಿದರೆ, "ಏನೂ ತೋಚದಿದ್ದಾಗ ಬೆಕ್ಕಿನ ಮೇಲೇ ಹಾಕೋದಲ್ವಾ" ಎನ್ನುತ್ತಾರೆ.

ಇದು ಮೂವತ್ತೊಂದು ವರ್ಷದ ಕಸುಬು. ವಾರಕ್ಕೆ ನೂರಿಪ್ಪತ್ತು ಕೆ.ಜಿ. ಕೋಸು, ಅದಕ್ಕೆ ಮೂರು ಕೆ.ಜಿ. ಉಪ್ಪು, ಹುಳಿ ಬರಲು ಮೂರು ವಾರ. ಉಪ್ಪಿಗೆ ಬೆರಳ ಸಂದುಗಳೆಲ್ಲ ಸೀಳಿವೆ. ಗಂಡ ತೀರಿಕೊಂಡಾಗ ಈ ಕೆಲಸ ಕಲಿಸಿ ಕೈಹಿಡಿದವರು ಒಡಹುಟ್ಟಿದ ಅಕ್ಕ. ಎಪ್ಪತ್ತು ದಾಟಿ ಈಗ ತಂಗಿಯ ಜೊತೆಗೇ ಇರುವ ಆ ಅಕ್ಕನ ಮೂತ್ರಪಿಂಡಗಳು ಸೋತಿವೆ. ಉಪ್ಪು ಬೇಡವೇ ಬೇಡ ಎಂದಿದ್ದಾರೆ ಡಾಕ್ಟರ್. ತಂಗಿ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ ಮಾಡಿ ಬಡಿಸುತ್ತಾರೆ. ಆದರೂ ವಾರದಿಂದ ಅಕ್ಕನ ಕಾಲು ಊದುತ್ತಿದೆ. ಏಕೆಂದು ಡಾಕ್ಟರಿಗೂ ತಿಳಿದಿಲ್ಲ, ತಂಗಿಗೂ ತಿಳಿದಿಲ್ಲ.

ಈ ನಡುವೆ ಗಿರಾಕಿಗಳೂ ಚಿಕ್ಕಮ್ಮನ ತಲೆ ಕೆಡಿಸಿದ್ದಾರೆ. ಎಷ್ಟು ಚಮಚ ತಿಂದರೆ ಮೈಯೊಳಗಿನ ವಿಷ ಹೋಗುತ್ತದೆ ಎಂದು ಕೇಳುತ್ತಾರಂತೆ. "ಯಾವ ವಿಷವೋ, ಯಾರು ಹಾಕಿದ್ದೋ! ನಾನು ಊಟಕ್ಕೆ ರುಚಿ ಅಂತ ಮಾಡ್ತೀನಪ್ಪ."

ನಾನು ಪುಸ್ತಕದಲ್ಲಿ ಗೀಚುತ್ತಾ ತಲೆ ತಗ್ಗಿಸುತ್ತೇನೆ. ಹುಳಿ ಮೈಯ ವಿಷ ತೊಳೆಯುತ್ತದೆ ಎಂದು ಹೋದ ತಿಂಗಳು ಇದೇ ಪುರವಣಿಯಲ್ಲಿ ಬರೆದವನು ನಾನೇ.

ಚಿಕ್ಕಮ್ಮನೂ ನಾನೂ ಟೀ ಕುಡಿಯಲು ಅಡುಗೆಮನೆಗೆ ಹೋಗಿ ಶೆಡ್ಡಿಗೆ ಮರಳಿದಾಗ ಏಳನೇ ಭರಣಿಯ ಕಲ್ಲು ನೆಲದ ಮೇಲಿದೆ. ಅಕ್ಕ ಗೋಡೆ ಹಿಡಿದು ನಿಂತು ಭರಣಿಯ ನೀರು ತುಂಬಿದ ಲೋಟ ಎತ್ತಿದ್ದಾರೆ. ತಂಗಿ ಓಡಿಹೋಗಿ ಲೋಟ ಕಸಿದುಕೊಳ್ಳುತ್ತಾರೆ.

"ಡಾಕ್ಟರ್ ಉಪ್ಪು ಬೇಡ ಅಂದ್ರು. ಹುಳಿ ಬೇಡ ಅಂದ್ರಾ?" ಅಕ್ಕನಿಗೆ ಒಂದಿಷ್ಟೂ ಅಳುಕಿಲ್ಲ. ಸೊಂಟದಿಂದ ಮಡಿಸಿದ ಪೇಪರ್ ತುಂಡು ತೆಗೆದು ಕೊಡುತ್ತಾರೆ. ನನ್ನದೇ ಲೇಖನ.

ಚಿಕ್ಕಮ್ಮ ಲೋಟದ ನೀರನ್ನು ಹಿತ್ತಿಲಿಗೆ ಚೆಲ್ಲುತ್ತಾರೆ. "ಸಪ್ಪೆ ಮಾಡಿ ಹಾಕಿದ್ದೂ ನಾನೇ, ಉಪ್ಪುನೀರು ಮಾಡಿಟ್ಟಿದ್ದೂ ನಾನೇ."

ಬರೆದವನು ನಾನೇ, ತಪ್ಪಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. "ಇದನ್ನ ಬರೆದವರು ತಿಳಿದವರು. ನೀವು ನೋಡಿದ್ರೆ ಹಾಗೆ ಕಾಣಲ್ಲ." ನನ್ನ ಮುಖ ಹುಳ್ಳಗಾಗುತ್ತದೆ.

ಹೊರಡುವಾಗ ಚಿಕ್ಕಮ್ಮ ಗೇಟಿನವರೆಗೂ ಬರುತ್ತಾರೆ. ಇಷ್ಟು ವರ್ಷ ತಿಂದ ತಮಗೆ ಏನೂ ಆಗಿಲ್ಲ, ಹೊಟ್ಟೆ ಹಗುರಾಯಿತು ಎನ್ನುವ ಗಿರಾಕಿಗಳಿದ್ದಾರೆ, ಅಕ್ಕನಿಗೆ ಮಾತ್ರ ಇದೇ ಮುಳುವಾಯಿತು ಎನ್ನುತ್ತಾರೆ. ಮಾಡುವ ಪದಾರ್ಥ ಒಳ್ಳೆಯದೋ ಕೆಟ್ಟದ್ದೋ ಅವರಿಗೇ ಗೊಂದಲ. ನಾನೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನೋ ಹೇಳುತ್ತೇನೆ.

"ನನ್ನ ಬಗ್ಗೆ ಬರೀದಿದ್ರೂ ಪರವಾಗಿಲ್ಲ. ಅದನ್ನ ಕುಡೀಬೇಡ ಅಂತ ನಾನು ಹೇಳಿದ್ರೆ ಅಕ್ಕ ಕೇಳಲ್ಲ. ಪೇಪರಲ್ಲಿ ಬಂದ್ರೆ ಕೇಳ್ತಾಳೆ," ಎನ್ನುತ್ತಾರೆ.

ಅಕ್ಕಾ, ಓದುತ್ತಿದ್ದೀರಲ್ಲ? ಯಾರೋ ಹೇಳಿದ್ದನ್ನು ನಂಬಿ ಬರೆದೆ, ಯಾರನ್ನೂ ವಿಚಾರಿಸಲಿಲ್ಲ. ನಿಮ್ಮ ತಂಗಿಯ ಕೋಸು ಬಹಳ ರುಚಿ. ನೀವು ಮಾತ್ರ ಅದನ್ನು ಮುಟ್ಟಬೇಡಿ.