ಎರಡೂಕಾಲರ ಗಿರಾಕಿ

ಮೈಸೂರಿನ ರಾಮಕೃಷ್ಣನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಡೆ ಓನರ್ ಪ್ರೇಮಲೀಲಾ ಇದ್ದರು. ಮಕ್ಕಳಿಗೆ ಕುಲಾವಿ ಹೆಣೆಯುವ ಅವರ ಕೈ ನಿಲ್ಲುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ನನ್ನ ಲಾಸ್ಯ ಹುಟ್ಟಿದಾಗಲೂ ಒಂದು ಕೊಟ್ಟರು. ಕಿವಿಯೇನೋ ಬೆಚ್ಚಗಿರುತ್ತದೆ, ಉಸಿರು ಕಟ್ಟಿದರೆ ಎಂದು ಎರಡು ದಿನ ನಾನದನ್ನು ಮಗುವಿಗೆ ಹಾಕಲಿಲ್ಲ. ಅಂಥ ಪುಕ್ಕಲಿ, ೨೦೦೮ರಲ್ಲಿ ಅವರಿಗೊಂದು ಆನ್‌ಲೈನ್ ಅಂಗಡಿ ಮಾಡಿಕೊಟ್ಟೆ. ಮದುವೆಗೆ ಮುಂಚೆ ಕಲಿತಿದ್ದ ವೆಬ್ ಡಿಸೈನ್ ತುಕ್ಕು ಹಿಡಿಯುತ್ತಿತ್ತು.

ಅವರ ಯಜಮಾನರು ಮೃತ್ಯುಂಜಯ, ಕಾಲೇಜೊಂದರ ಲೈಬ್ರೇರಿಯನ್, ನಕ್ಕರು. "ಬಾಗಿಲಿಲ್ಲ, ಬೀಗ ಇಲ್ಲ, ಅದೆಂಥ ಅಂಗಡೀನೇ? ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗತ್ತೆ. ಅಷ್ಟರೊಳಗೆ ಹೊರಗಿನೋರು ಒಬ್ಬರಾದ್ರೂ ಬಂದ್ರೆ ಸರಿ. ಇಲ್ದಿದ್ರೆ ಮುಚ್ಚಿಬುಡು."

"ಬಂದೇ ಬತ್ತಾರೆ" ಎಂದ ಪ್ರೇಮಕ್ಕ, ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದು, "ಬಿಂದು, ಬಂದೋರು ಓದೋರು ನಮಗೆ ಗೊತ್ತಾಗೋದು ಎಂಗೆ ಕಣಮ್ಮ?" ಎಂದರು.

ಅಂಗಡಿಗೆ ಜನ ಯಾವಾಗ ಬಂದರು, ಏನನ್ನು ಎಷ್ಟು ಹೊತ್ತು ನೋಡಿದರು ಎಂದು ಗುಟ್ಟಾಗಿ ಬರೆದಿಡುವ ನಾಲ್ಕು ಸಾಲಿನ ಕೋಡ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಅಂಟಿಸಿದೆ. ವಾರ ಕಳೆದು ವರದಿ ತೆರೆದರೆ ದಿನಕ್ಕೆ ಇಪ್ಪತ್ತೆರಡು ಭೇಟಿ. ಪ್ರೇಮಕ್ಕ ಬೀದಿಗೆಲ್ಲ ಸಜ್ಜಿಗೆ ಹಂಚಿದರು.

ನನಗೋ ಅನುಮಾನ. ಮೊದಲ ಭೇಟಿ ದಿನಾ ಬೆಳಿಗ್ಗೆ ಆರಕ್ಕೆ, ಕೊನೆಯದು ದೀಪ ಹಚ್ಚುವ ಹೊತ್ತಿಗೆ. ಎಲ್ಲವೂ ಮೈಸೂರಿನಿಂದಲೇ. ಮರುದಿನ ಆರಕ್ಕೆ ಮಗುವನ್ನು ಸೊಂಟಕ್ಕೇರಿಸಿ ಕೆಳಗಿಳಿದೆ. ಪ್ರೇಮಕ್ಕ ಅಂಗಡಿಯ ಪುಟ ತೆರೆದು, ಕಂಪ್ಯೂಟರಿಗೆ ಊದುಬತ್ತಿ ಬೆಳಗುತ್ತಿದ್ದರು.

"ಏನಕ್ಕ ಇದು?"

"ಅಂಗಡಿ ಬಾಗ್ಲು ತೆಗೀತಾ ಇದ್ದೀನಿ. ನಾವು ತೆಗೀದೆ ಗಿರಾಕಿ ಒಳಗೆ ಎಂಗೆ ಬತ್ತಾರೆ? ಕರೆಂಟ್ ಓದಾಗೆಲ್ಲ ಮುಚ್ಕೊಂಬುಡತ್ತೆ, ತಿರುಗಾ ತೆಗೀತೀನಿ. ಆಗಾಗ ಬಂದು ನೋಡ್ಕೊಂಡೂ ಓಗ್ತೀನಿ."

"ಅಕ್ಕ, ಆ ಇಪ್ಪತ್ತೆರಡು ಜನಾನೂ ನೀವೇ."

ಅವರು ಊದುಬತ್ತಿಯನ್ನು ಪಕ್ಕಕ್ಕಿಟ್ಟರು. "ಸಜ್ಜಿಗೆ ವಾಪಸ್ ಕೇಳಕ್ಕಾಗಲ್ಲ ಬುಡು" ಎಂದರು.

ನಮ್ಮೆರಡು ಮನೆಯ ಕಂಪ್ಯೂಟರುಗಳನ್ನು ಎಣಿಕೆಯಿಂದ ಹೊರಗಿಟ್ಟೆ. ಶಿವರಾತ್ರಿಗೆ ಎರಡು ವಾರವಿತ್ತು. ಇನ್ನು ಸೊನ್ನೆಯೇ ಎಂದುಕೊಂಡರೆ, ಬಂದದ್ದು ಒಂದು. ರಜೆ ಬಿಟ್ಟು ದಿನಾ ಒಂದೇ. ಮಧ್ಯಾಹ್ನ ಎರಡೂಕಾಲಿಗೆ, ನೀಲಿ ಕುಲಾವಿಯ ಪುಟದಲ್ಲಿ ಹನ್ನೊಂದು ನಿಮಿಷ. ಯಾರ ಇಂಟರ್ನೆಟ್ ಎಂಬಲ್ಲಿ ಒಂದು ಕಾಲೇಜಿನ ಹೆಸರಿತ್ತು. ನೋಡಿದ್ದೇ ಪ್ರೇಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅದು ಅವರ ಯಜಮಾನರ ಕಾಲೇಜು.

"ಅವರು ಹೊರಗಿನವರ ಲೆಕ್ಕಕ್ಕೆ ಬರಲ್ವಲ್ಲ ಅಕ್ಕ" ಎಂದೆ.

"ಒಸ್ಲು ದಾಟಿದ ಮೇಲೆ ಒರಗಿನೋರೇ."

ಶಿವರಾತ್ರಿಯ ಹಿಂದಿನ ಸಂಜೆ ಮೃತ್ಯುಂಜಯ ಕೇಳಿಯೇಬಿಟ್ಟರು. ನಾನು ಅವರ ಜಗಲಿಯಲ್ಲಿ ಮಗುವಿಗೆ ಉಣ್ಣಿಸುತ್ತಿದ್ದೆ.

"ಏನಾಯ್ತೇ ನಿನ್ನ ಅಂಗಡಿ? ಯಾರಾದ್ರೂ ಬಂದ್ರಾ?"

"ಒಬ್ರು ಬತ್ತಾರೆ ಕಣ್ರೀ, ದಿನಾ ಎರಡೂಕಾಲಿಗೆ. ನೀಲಿ ಕುಲಾವಿ ಮುಂದೆ ನಿಂತ್ಕೋತಾರೆ. ಏನೂ ತಗೊಳಲ್ಲ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ಯಾರೋ ಕೆಲ್ಸ ಇಲ್ದೋರು."

"ಊಂ. ಲೈಬ್ರರೀಲಿ ಕೆಲ್ಸ ಕಮ್ಮಿಯಂತೆ."

ಸಿಕ್ಕಿಬಿದ್ದವರು ನನ್ನ ಕಡೆ ತಿರುಗಿದರು. "ನಾನು ನೋಡ್ತಿದ್ದಿದ್ದು ಕುಲಾವಿ ಅಲ್ಲಮ್ಮ, ಅದರ ಕೆಳಗಿನ ಸಾಲು. 'ಹಪ್ಪಟ ಹುಣ್ಣೆಯ ಕುಲಾವಿ' ಅಂತಿದೆ. ಹುಣ್ಣಾಗೋ ಟೋಪೀನ ಯಾವ ತಾಯಿ ಮಗೂಗೆ ಹಾಕ್ತಾಳೆ? ಇವತ್ತು ತಿದ್ತಾರೆ, ನಾಳೆ ತಿದ್ತಾರೆ ಅಂತ ದಿನಾ ಕಾಯ್ತಿದ್ದೀನಿ."

ಆ ಸಾಲು ಬರೆದವಳು ನಾನು. ಪ್ರೇಮಕ್ಕ ಹೇಳಿ ಬರೆಸಿದಾಗ, ಅವರು ನುಂಗಿದ ಹಕಾರಗಳನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದ್ದೆ. ಊವನ್ನು ಹೂವು ಮಾಡಿದೆ, ಅಸಿರನ್ನು ಹಸಿರು ಮಾಡಿದೆ. ಅದೇ ಭರದಲ್ಲಿ ಅವರು ಸರಿಯಾಗಿಯೇ ಹೇಳಿದ್ದ 'ಅಪ್ಪಟ ಉಣ್ಣೆ'ಗೂ ಒಂದೊಂದು ಹಕಾರ ಅಂಟಿಸಿಬಿಟ್ಟಿದ್ದೆ.

"ಅಂಗಾದ್ರೆ ತಪ್ಪು ನಂದಲ್ಲ" ಎಂದರು ಪ್ರೇಮಕ್ಕ. "ಈಗ ಮುಚ್ಚಬೇಕಾ, ಏಳಿ."

"ತಪ್ಪು ಇಟ್ಕೊಂಡು ಯಾರಾದ್ರೂ ಮುಚ್ತಾರಾ? ಮೊದ್ಲು ತಿದ್ದಿ."

ಅವತ್ತೇ ತಿದ್ದಿದೆ. ಹಬ್ಬ ಕಳೆದು ಕಾಲೇಜು ತೆರೆದ ದಿನ ವರದಿ ನೋಡಿದರೆ ಎರಡೂಕಾಲಿಗೆ ಅದೇ ಗಿರಾಕಿ, ಈ ಸಲ ಹದಿನೇಳು ನಿಮಿಷ. ಇನ್ನೇನು ತಪ್ಪು ಉಳಿದಿದೆಯೋ ಎಂದು ಗಾಬರಿಯಾಗಿ ಪುಟವನ್ನು ಮೂರು ಸಲ ಓದಿದೆ. ಒಂದೂ ಸಿಗಲಿಲ್ಲ. ಹೋಗಿ ಪ್ರೇಮಕ್ಕನಿಗೆ ಹೇಳಿದೆ.

"ಸಿಗಲ್ಲ ಬುಡು" ಎಂದು ಅವರು ಹೆಣಿಗೆ ಕಡ್ಡಿ ಕೈಗೆತ್ತಿಕೊಂಡರು.